ಖಾಲಿ ಪುಸ್ತಕ, ಕಪ್ಪು ಶಾಯಿ: ಮಾರಿಯೋ ಮಿರಾಂಡ ಊರುಗಳನ್ನು ಬರೆದ ಬಗೆ

ನಮ್ಮಲ್ಲಿ ಬಹುತೇಕರ ಚಿತ್ರಕಲೆ ಮುಗಿಯೋದು ಫಸ್ಟ್ ಇಯರ್‌ನಲ್ಲಿ. ಎಚ್.ಪಿ. ಮೇಲೆ ಒಂದು ಮೂಲೆಯಲ್ಲಿ ವಾಲಿಕೊಂಡು ನಿಂತ ಷಟ್ಕೋನದ ಪಿರಮಿಡ್, ಅದರ ಟಾಪ್ ವ್ಯೂ, ಫ್ರಂಟ್ ವ್ಯೂ, ಕೊನೆಗೆ ಒಂದು ಐಸೊಮೆಟ್ರಿಕ್. ಅಲ್ಲಿಗೆ ಪೆನ್ಸಿಲ್ಲಿಗೆ ನಮಸ್ಕಾರ. ಆಮೇಲೆ ಸಾಲಿಡ್ ಎಡ್ಜ್ ಇದೆ, ಆಟೋಕ್ಯಾಡ್ ಇದೆ, ಜೇಬಲ್ಲಿ ಕ್ಯಾಮೆರಾ ಇದೆ. ಕೈಯಲ್ಲಿ ಬರೆಯೋದು ಯಾಕೆ?

ಈ ಪ್ರಶ್ನೆಗೆ ನೇರ ಉತ್ತರ ಕೊಡೋ ಬದಲು ಒಬ್ಬ ಮನುಷ್ಯನ ಕೆಲಸವನ್ನು ಸ್ವಲ್ಪ ಬಿಚ್ಚಿ ನೋಡೋಣ. ಲ್ಯಾಬಿನಲ್ಲಿ ಹಳೇ ಎಂಜಿನ್ನನ್ನು ಬಿಚ್ಚಿ ಯಾವ ಭಾಗ ಯಾಕಿದೆ ಅಂತ ನೋಡ್ತೀವಲ್ಲ, ಹಾಗೆ. ಆತ ಮಾರಿಯೋ ಮಿರಾಂಡ. ಹೆಸರು ಕೇಳಿಲ್ಲ ಅನ್ನೋರೂ ಅವರ ಚಿತ್ರ ನೋಡಿರ್ತಾರೆ. ಗೋವಾ ಟ್ರಿಪ್ ಮುಗಿಸಿ ಬಂದ ಗೆಳೆಯರು ತಂದುಕೊಡೋ ಮಗ್ಗು, ಫ್ರಿಜ್ ಮ್ಯಾಗ್ನೆಟ್, ಟೀ ಶರ್ಟುಗಳ ಮೇಲೆ ಗಿಜಿಗುಡುವ ಮೀನು ಮಾರ್ಕೆಟ್ಟು, ದಪ್ಪ ಪಾದ್ರಿ, ಗಿಟಾರ್ ಹಿಡಿದವನು, ಮೂಲೆಯಲ್ಲೊಂದು ಬಡಕಲು ನಾಯಿ ಇರುತ್ತಲ್ಲ, ಅದು ಅವರದೇ ಕೈ. 2016ರ ಮೇ 2ರಂದು, ಅವರ 90ನೇ ಹುಟ್ಟುಹಬ್ಬಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಶೈಲಿಯದೇ ಒಂದು ಡೂಡಲ್ ಹಾಕಿತ್ತು.

ಮಾರಿಯೋ ಹುಟ್ಟಿದ್ದು 1926ರಲ್ಲಿ, ದಮನ್‌ನಲ್ಲಿ. ಆಗ ಅದು ಪೋರ್ಚುಗೀಸರ ಕೈಯಲ್ಲಿದ್ದ ಊರು. ಮನೆತನದ ಬೇರು ಗೋವಾದ ಲೊಟೊಲಿಂ ಎಂಬ ಹಳ್ಳಿಯದು. ಚಿಕ್ಕವನಿದ್ದಾಗ ಮನೆಯ ಗೋಡೆ ತುಂಬಾ ಗೀಚುತ್ತಿದ್ದನಂತೆ. ಗೋಡೆ ಉಳಿಸಿಕೊಳ್ಳೋಕೆ ತಾಯಿ ಒಂದು ಖಾಲಿ ಪುಸ್ತಕ ತಂದುಕೊಟ್ಟರು. ಅದಕ್ಕೆ ಅವನು ಇಟ್ಟ ಹೆಸರು 'ಡೈರಿ'. ಭಾರತದ ಒಬ್ಬ ದೊಡ್ಡ ಚಿತ್ರಕಾರನ ತರಬೇತಿ ಅಂದರೆ ಮುಖ್ಯವಾಗಿ ಇಷ್ಟೇ, ಯಾಕಂದರೆ ಆತ ಮುಂದೆ ಯಾವ ಕಲಾಶಾಲೆಯ ಪದವಿಯನ್ನೂ ಪಡೆದವರಲ್ಲ.

ಓದಿನ ಕಥೆ ನಮಗೆ ಹತ್ತಿರದ್ದು. ಹೈಸ್ಕೂಲು ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ. ಆಮೇಲೆ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸದ ಬಿ.ಎ., ಕಣ್ಣು ಐ.ಎ.ಎಸ್. ಮೇಲೆ. ಅದಾದ ಮೇಲೆ ಅಪ್ಪ ಅಮ್ಮನ ಮಾತಿಗೆ ಆರ್ಕಿಟೆಕ್ಚರ್ ಸೇರಿದರು, ಸ್ವಲ್ಪ ದಿನಕ್ಕೇ ಬೇಜಾರಾಗಿ ಬಿಟ್ಟರು. ಮನೆಯವರ ಮಾತಿಗೆ ಸೀಟು ತಗೊಂಡವರು ನಮ್ಮ ಕ್ಲಾಸಿನಲ್ಲೂ ಎಷ್ಟು ಜನ ಇದ್ದೀರಿ ಅಂತ ನಿಮಗೇ ಗೊತ್ತು! ಆದರೆ ಇದನ್ನೇ ಹಿಡ್ಕೊಂಡು "ಕೋರ್ಸ್ ಬಿಟ್ಟರೆ ಮಾರಿಯೋ ಆಗಬಹುದು" ಅಂತ ಯಾರೂ ಲೆಕ್ಕ ಹಾಕಬೇಡಿ. ಕೋರ್ಸ್ ಬಿಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಒಂದು ಜಾಹೀರಾತು ಸ್ಟುಡಿಯೋದಲ್ಲಿ ನಾಲ್ಕು ವರ್ಷ ದುಡಿದರು. ಜೊತೆಗೆ ಪ್ರತಿದಿನ ಡೈರಿ ಬರೆದರು, ಅಕ್ಷರಕ್ಕಿಂತ ಚಿತ್ರವೇ ಜಾಸ್ತಿ ಇರುವ ಡೈರಿ.

ಆ ಡೈರಿಗಳಲ್ಲಿ 1949, 1950 ಮತ್ತು 1951ರವು ಪುಸ್ತಕವಾಗಿ ಬಂದಿವೆ. ಸಿಕ್ಕರೆ ಒಮ್ಮೆ ತಿರುವಿ ಹಾಕಿ, ನಿಮ್ಮದೇ ವಯಸ್ಸಿನ ಹುಡುಗ ಸಿಗ್ತಾನೆ. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು ವರ್ಷ. ಕೈಯಲ್ಲಿ ದೊಡ್ಡ ಕೆಲಸ ಇಲ್ಲ. ಗೆಳೆಯರ ಜೊತೆ ತಿರುಗಾಟ, ಮದುವೆ ಮನೆ, ಪಾರ್ಟಿ, ಊರಿನ ಮುದುಕಿಯರು. ದೊಡ್ಡ ಘಟನೆ ಆಗದ ದಿನವೂ ಪುಟ ಖಾಲಿ ಬಿಟ್ಟಿಲ್ಲ. ಇದನ್ನು ನಾನು ಮೊದಲ ಪಾಠ ಅಂತ ಇಟ್ಟುಕೊಳ್ತೀನಿ. ಚಿತ್ರ ಬರೆಯೋಕೆ ವಿಷಯ ಬೇಕು ಅಂತ ನಾವು ಕಾಯ್ತೀವಿ, ಹಂಪಿಗೆ ಹೋದಾಗ ಬರೆಯೋಣ, ಜೋಗ ನೋಡಿದಾಗ ಬರೆಯೋಣ ಅಂತ. ಅವರು ಕಾಯಲಿಲ್ಲ. ಎದುರಿಗೆ ಕೂತ ಚಿಕ್ಕಪ್ಪನನ್ನೇ ಬರೆದರು.

ಆ ಪುಟಗಳಿಗೆ ಇನ್ನೊಂದು ಬೆಲೆ ಬಂದದ್ದು ಆಮೇಲೆ. 1951ರಲ್ಲಿ ಗೋವಾ ಇನ್ನೂ ಪೋರ್ಚುಗೀಸ್ ಆಡಳಿತದಲ್ಲಿತ್ತು. ಭಾರತಕ್ಕೆ ಸೇರಿದ್ದು 1961ರ ಡಿಸೆಂಬರಿನಲ್ಲಿ. ಆ ಹಳೇ ಗೋವಾದ ದೊಡ್ಡ ಮನೆಗಳು, ಮೆಟ್ಟಿಲ ಮುಂದಿನ ಬಾಲ್ಕಾಂವ್‌ ಜಗಲಿಯ ಹರಟೆ, ಚರ್ಚಿನ ಹಬ್ಬ, ಹಳ್ಳಿಯ ಬ್ಯಾಂಡು, ತವರ್ನಾದ ಬೆಂಚು, ಇದೆಲ್ಲ ಆಮೇಲೆ ತುಂಬಾ ಬದಲಾಯಿತು. ಬರೆಯುವಾಗ ಹುಡುಗನಿಗೆ ತಾನು ದಾಖಲೆ ಮಾಡ್ತಿದ್ದೀನಿ ಅನ್ನೋ ಭಾವನೆಯೇನೂ ಇದ್ದಂತೆ ಕಾಣಲ್ಲ, ತಮಾಷೆಗೆ ಬರೆದಿದ್ದಾನೆ. ದಾಖಲೆ ತಾನಾಗಿ ಆಯಿತು.

ಪತ್ರಿಕೆಯ ಗೆರೆ

ಮೊದಲ ಅವಕಾಶ 'ಇಲ್ಲಸ್ಟ್ರೇಟೆಡ್ ವೀಕ್ಲಿ'ಯಲ್ಲಿ ಸಿಕ್ಕಿತು, ಕೆಲಸ 'ಕರೆಂಟ್' ಪತ್ರಿಕೆಯಲ್ಲಿ, ಆಮೇಲೆ 'ಟೈಮ್ಸ್ ಆಫ್ ಇಂಡಿಯಾ'. ಟೈಮ್ಸ್‌ನಲ್ಲಿ ಅದೇ ಕಾಲಕ್ಕೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಇದ್ದರು. ಇಬ್ಬರ ಕೈಯೂ ಬೇರೆ. ಲಕ್ಷ್ಮಣ್ ಅವರದು ಬ್ರಷ್ಷಿನ ಓಟ, ನಾಲ್ಕು ಎಳೆತದಲ್ಲಿ ಒಬ್ಬ ಮಂತ್ರಿ ಮುಗಿದು ಹೋಗ್ತಾನೆ, ಪಕ್ಕದಲ್ಲಿ ಚೌಕುಳಿ ಕೋಟಿನ ಸಾಮಾನ್ಯ ಮನುಷ್ಯ ಸುಮ್ಮನೆ ನಿಂತಿರ್ತಾನೆ. ಮಾರಿಯೋ ಅವರದು ಪೆನ್ನಿನ ಕುಸುರಿ, ಒಂದು ಚೌಕದಲ್ಲಿ ಐವತ್ತು ಜನ. ರಾಜಕೀಯ ವ್ಯಂಗ್ಯದಲ್ಲಿ ನನಗೆ ಲಕ್ಷ್ಮಣ್ ಅವರೇ ದೊಡ್ಡವರು. ಆದರೆ ಒಂದು ಊರು ಹೇಗಿದೆ ಅಂತ ತೋರಿಸು ಅಂದರೆ ಮಾರಿಯೋ ಮುಂದೆ ನಿಲ್ಲೋರು ಕಡಿಮೆ.

ಇಲ್ಲಿ ನಮ್ಮಂಥೋರಿಗೆ ಆಸಕ್ತಿ ಹುಟ್ಟಿಸೋ ವಿಷಯ ಒಂದಿದೆ. ಆ ಕಾಲದ ವ್ಯಂಗ್ಯಚಿತ್ರಗಳು ಹೆಚ್ಚಾಗಿ ಕಪ್ಪು ಬಿಳುಪಿನ ಗೆರೆಯಲ್ಲೇ ಯಾಕಿರ್ತಿದ್ದವು? ಬರೀ ಶೈಲಿ ಅಲ್ಲ, ಅದು ಮುದ್ರಣ ಯಂತ್ರದ ಮಿತಿ. ಲೆಟರ್‌ಪ್ರೆಸ್ ಯಂತ್ರಕ್ಕೆ ಬೂದು ಬಣ್ಣ ಗೊತ್ತೇ ಇಲ್ಲ. ಉಬ್ಬಿದ ಜಾಗಕ್ಕೆ ಶಾಯಿ ತಾಗುತ್ತೆ, ತಗ್ಗಿದ ಜಾಗಕ್ಕೆ ತಾಗಲ್ಲ. ಅಂದರೆ ಒಂದು ಅಥವಾ ಸೊನ್ನೆ. ಚಿತ್ರದ ಫೋಟೋ ತೆಗೆದು, ನೆಗೆಟಿವ್ ಮೂಲಕ ಸತುವಿನ ತಗಡಿನ ಮೇಲೆ ಬೆಳಕು ಬಿಟ್ಟು, ಗೆರೆ ಇಲ್ಲದ ಜಾಗವನ್ನು ಆಸಿಡ್‌ನಲ್ಲಿ ಕೊರೆದು ತೆಗೀತಿದ್ದರು. ಉಳಿದದ್ದು ಉಬ್ಬಿದ ಗೆರೆ, ಅದೇ ಲೈನ್ ಬ್ಲಾಕ್. ಫೋಟೋಗಳನ್ನು ಅಚ್ಚು ಹಾಕೋಕೆ ಹಾಫ್‌ಟೋನ್ ಇತ್ತು, ಚಿಕ್ಕ ದೊಡ್ಡ ಚುಕ್ಕೆಗಳಲ್ಲಿ ಬೂದು ಬಣ್ಣದ ಭ್ರಮೆ ಹುಟ್ಟಿಸೋದು. ಆದರೆ ನ್ಯೂಸ್‌ಪ್ರಿಂಟ್ ಕಾಗದ ಶಾಯಿ ಹೀರಿಕೊಂಡು ಹರಡುತ್ತೆ, ಹಾಗಾಗಿ ಇಂಚಿಗೆ 65ರಿಂದ 85 ಸಾಲಿನ ಒರಟು ಜಾಲರಿಯೇ ಗತಿ. ನಯವಾದ ಶೇಡಿಂಗ್ ಮಾಡಿಕೊಟ್ಟರೆ ಪೇಪರಿನಲ್ಲಿ ಅದು ಕೆಸರು. ಚಿತ್ರಕಾರ ಸ್ವಚ್ಛ ಕಪ್ಪು ಗೆರೆ ಕೊಟ್ಟರೆ ಮಾತ್ರ ಬೆಳಿಗ್ಗೆ ಓದುಗನ ಕೈಗೆ ಹಾಗೇ ತಲುಪುತ್ತೆ.

ಹಾಗಾದರೆ ನೆರಳು ತೋರಿಸೋದು ಹೇಗೆ? ಗೆರೆಯಿಂದಲೇ. ಇದನ್ನು ಹ್ಯಾಚಿಂಗ್ ಅಂತಾರೆ. ಸೆಕ್ಷನಲ್ ವ್ಯೂನಲ್ಲಿ 45 ಡಿಗ್ರಿಗೆ ಎಳೆದಿದ್ದೀವಲ್ಲ, ಅದೇ ಹೆಸರು, ಬೇರೆ ಕೆಲಸ. ಒಂದು ಸಣ್ಣ ಲೆಕ್ಕ ಮಾಡಿ. 0.5 ಮಿ.ಮೀ. ಪೆನ್ನಿನಲ್ಲಿ 2 ಮಿ.ಮೀ.ಗೆ ಒಂದರಂತೆ ಗೆರೆ ಎಳೆದರೆ ಕಾಗದದ ಶೇ. 25 ಭಾಗ ಕಪ್ಪು. ಅದರ ಮೇಲೆ ಅಡ್ಡಲಾಗಿ ಅಷ್ಟೇ ಅಂತರದ ಇನ್ನೊಂದು ಪದರ ಹಾಕಿದರೆ 50 ಆಗಬೇಕಲ್ವಾ? ಆಗಲ್ಲ. ಎರಡನೇ ಪದರದ ಗೆರೆ ಅಲ್ಲಲ್ಲಿ ಮೊದಲಿನ ಗೆರೆಯ ಮೇಲೇ ಹಾದು ಹೋಗುತ್ತೆ. ಉಳಿದ ಬಿಳಿ 0.75ರ ವರ್ಗ, ಅಂದರೆ ಕಪ್ಪು ಸುಮಾರು ಶೇ. 44. ಓರೆಯಾಗಿ ಮೂರನೇ ಪದರ ಹಾಕಿದರೆ ಸುಮಾರು 58. ಪ್ರತಿ ಪದರವೂ ಹಿಂದಿನದಕ್ಕಿಂತ ಕಡಿಮೆ ಕಪ್ಪು ಸೇರಿಸುತ್ತೆ. ಹೊಸಬರು ನೆರಳು ಸಾಲದು ಅಂತ ಗೀಚಿ ಗೀಚಿ ಕಾಗದ ಹರಿಯೋದು ಇದಕ್ಕೇ. ಅಲ್ಲಿ ಪದರ ಹೆಚ್ಚಿಸೋ ಬದಲು ಅಂತರ ಕಡಿಮೆ ಮಾಡಬೇಕು, ಇಲ್ಲಾ ಆ ಜಾಗವನ್ನು ಪೂರ್ತಿ ಕಪ್ಪು ಮಾಡಿಬಿಡಬೇಕು.

ಮಾರಿಯೋ ಎರಡನೆಯದನ್ನು ಧಾರಾಳವಾಗಿ ಮಾಡ್ತಾರೆ. ಹೆಂಗಸರ ಕೂದಲು ಗಟ್ಟಿ ಕಪ್ಪು, ಪಾದ್ರಿಯ ನಿಲುವಂಗಿ ಗಟ್ಟಿ ಕಪ್ಪು. ಇನ್ನೂ ಒಂದು ದಾರಿ ಅವರಿಗೆ ಗೊತ್ತು: ವಿನ್ಯಾಸ. ಹೆಂಚಿನ ಮಾಡಿಗೆ ಅರ್ಧಚಂದ್ರದ ಸಾಲು, ನೆಲಕ್ಕೆ ಚೌಕುಳಿ, ಅಂಗಿಗೆ ಪಟ್ಟೆ, ಮಿಸ್ ಫೋನ್ಸೆಕಾಳ ಫ್ರಾಕಿಗೆ ದೊಡ್ಡ ದೊಡ್ಡ ಚುಕ್ಕೆ. ನೆರಳು ಹಾಕದೇನೇ ಒಂದು ಮೇಲ್ಮೈ ಇನ್ನೊಂದರಿಂದ ಬೇರೆಯಾಗಿ ನಿಲ್ಲುತ್ತೆ. ಸೆಕ್ಷನಲ್ ವ್ಯೂನಲ್ಲಿ ಎರಡು ಬೇರೆ ಭಾಗಗಳಿಗೆ ಬೇರೆ ಬೇರೆ ದಿಕ್ಕಿನ ಹ್ಯಾಚಿಂಗ್ ಕೊಡೋದು ಯಾಕೆ ಅಂತ ಮೇಷ್ಟ್ರು ಹೇಳಿದ್ದು ನೆನಪಿದ್ದರೆ, ತತ್ವ ಅದೇ.

ಐವತ್ತು ಜನರನ್ನು ನಿಲ್ಲಿಸೋದು

ಅವರ ಮಾರ್ಕೆಟ್ ಚಿತ್ರಗಳನ್ನು ನೋಡಿದರೆ ಮೊದಲು ಬರೋ ಅನುಮಾನ, ಇಷ್ಟು ಜನರನ್ನು ಹಾಕಿಯೂ ಗೊಂದಲ ಯಾಕಾಗಲ್ಲ? ಉತ್ತರ ಇರೋದು ಕಣ್ಣಿನ ಎತ್ತರದಲ್ಲಿ.

ಸಮತಟ್ಟಾದ ನೆಲದ ಮೇಲೆ ನಿಂತು ಎದುರಿಗೆ ನೋಡಿ. ನಿಮ್ಮಷ್ಟೇ ಎತ್ತರದ ಪ್ರತಿಯೊಬ್ಬರ ಕಣ್ಣೂ ಒಂದೇ ಅಡ್ಡಗೆರೆಯ ಮೇಲೆ ಇರುತ್ತೆ, ಅವರು 3 ಮೀಟರ್ ದೂರ ಇರಲಿ 30 ಮೀಟರ್ ಇರಲಿ. ದೂರ ಹೋದಂತೆ ಕಾಲು ಮೇಲೇರುತ್ತೆ, ತಲೆ ಅಲ್ಲೇ ಇರುತ್ತೆ. ಆ ಅಡ್ಡಗೆರೆಯೇ ಹಾರಿಜನ್. ಪರ್ಸ್ಪೆಕ್ಟಿವ್ ಅಧ್ಯಾಯದಲ್ಲಿ ಇದನ್ನು ಪ್ರಮೇಯದಂತೆ ಕಲಿತರೂ ಕಾಲೇಜು ಗೇಟಿನ ಹತ್ತಿರ ನಿಂತು ನೋಡಿದಾಗಲೇ ಇದು ಕಣ್ಣಿಗೆ ಹತ್ತೋದು. ಎತ್ತರದ ಲೆಕ್ಕ ಸರಳ: 5 ಮೀಟರ್ ದೂರದವನು ಹಾಳೆಯಲ್ಲಿ 8 ಸೆಂ.ಮೀ. ಇದ್ದರೆ, 10 ಮೀಟರ್ ದೂರದವನು 4 ಸೆಂ.ಮೀ. ಸರೂಪ ತ್ರಿಕೋನ, ಹೈಸ್ಕೂಲಿನದು.

ತೊಂದರೆ ಏನಂದರೆ, ನಿಂತ ಎತ್ತರದಿಂದ ನೋಡಿದರೆ ಮುಂದಿನ ಸಾಲಿನವರು ಹಿಂದಿನವರನ್ನು ಮುಚ್ಚಿಬಿಡ್ತಾರೆ. ಗುಂಪು ಒಂದು ಗೋಡೆ ಆಗುತ್ತೆ. ಮಾರಿಯೋ ಎಷ್ಟೋ ಚಿತ್ರಗಳಲ್ಲಿ ನೋಡುವ ಕಣ್ಣನ್ನು ಮೇಲೆತ್ತುತ್ತಾರೆ, ಎದುರು ಮನೆಯ ಮಹಡಿಯಿಂದ ಇಣುಕಿದ ಹಾಗೆ. ಆಗ ಹತ್ತಿರದವರು ಹಾಳೆಯ ಕೆಳಗೆ, ದೂರದವರು ಮೇಲೆ, ಪ್ರತಿಯೊಬ್ಬನಿಗೂ ತನ್ನದೇ ಜಾಗ. ಅಷ್ಟೇ ಅಲ್ಲ, ಗಣಿತ ಹೇಳಿದಷ್ಟು ಜೋರಾಗಿ ಅವರು ದೂರದವರನ್ನು ಕುಗ್ಗಿಸೋದೂ ಇಲ್ಲ. ಅರ್ಧ ಪರ್ಸ್ಪೆಕ್ಟಿವ್, ಅರ್ಧ ಐಸೊಮೆಟ್ರಿಕ್. ಐಸೊಮೆಟ್ರಿಕ್‌ನಲ್ಲಿ ಸಮಾನಾಂತರ ಗೆರೆ ಸೇರಲ್ಲ, ಹಿಂದಿನ ವಸ್ತು ಚಿಕ್ಕದಾಗಲ್ಲ, ಆದ್ದರಿಂದಲೇ ಯಂತ್ರದ ಹಿಂಬದಿಯ ಬೋಲ್ಟು ಕೂಡ ಸ್ಪಷ್ಟ. ಅದೇ ಅನುಕೂಲ ಇಲ್ಲಿ ಹಿಂದಿನ ಸಾಲಿನ ಮೀನಿನವಳಿಗೂ ಸಿಗುತ್ತೆ. ಕಾನೂನು ಮುರಿದದ್ದು ಗೊತ್ತಿಲ್ಲದೆ ಅಲ್ಲ ಅನ್ನೋದು ಅವರ ಕಟ್ಟಡದ ಚಿತ್ರಗಳನ್ನು ನೋಡಿದರೆ ತಿಳಿಯುತ್ತೆ. ಅಲ್ಲಿ ಕಿಟಕಿ, ಕಮಾನು, ಮೆಟ್ಟಿಲು ಎಲ್ಲ ಜಾಗದಲ್ಲೇ ಇವೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನನ್ನು ಮೂರು ಸಲ ಬರೆಯಿರಿ: ಒಮ್ಮೆ ಕೂತು, ಒಮ್ಮೆ ನಿಂತು, ಒಮ್ಮೆ ಮೊದಲ ಮಹಡಿಯ ಕಾರಿಡಾರಿನಿಂದ. ಕೂತಾಗ ಹಾರಿಜನ್ ಗೆರೆ ನಿಂತವರ ಎದೆಯ ಮಟ್ಟದಲ್ಲಿ ಹಾಯುತ್ತೆ, ಎಲ್ಲರೂ ನಿಮಗಿಂತ ದೊಡ್ಡವರಾಗಿ ಕಾಣ್ತಾರೆ. ಮಹಡಿಯಿಂದ ಎಲ್ಲರ ತಲೆಯೂ ಗೆರೆಯ ಕೆಳಗೆ. ಮೊದಲು ಆ ಒಂದು ಗೆರೆ ತೆಳುವಾಗಿ ಎಳೆದುಕೊಳ್ಳಿ, ಆಮೇಲೆ ಜನರನ್ನು ತೂಗುಹಾಕಿ. ಅಳತೆಗೆ ಪೆನ್ನನ್ನು ಕೈ ನೀಟಾಗಿ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗಿಲಿನ ಎತ್ತರದಲ್ಲಿ ಅಗಲ ಎಷ್ಟು ಸಲ ಸೇರುತ್ತೆ ನೋಡಿ. ಮೊಣಕೈ ಮಡಚಿದರೆ ಸ್ಕೇಲ್ ಕೆಟ್ಟಿತು ಅಂತಲೇ ಲೆಕ್ಕ. ಮಿನಿ ಡ್ರಾಫ್ಟರ್ ಹೊತ್ತು ಬಸ್ಸು ಹತ್ತಿದವರಿಗೆ ಇದೆಲ್ಲ ಏನೂ ಕಷ್ಟ ಅಲ್ಲ.

ಊರು ಬಿಟ್ಟು ಊರಿಗೆ

ಗುಲ್ಬೆಂಕಿಯನ್ ಪ್ರತಿಷ್ಠಾನದ ವಿದ್ಯಾರ್ಥಿವೇತನ ಸಿಕ್ಕಿ ಅವರು ಪೋರ್ಚುಗಲ್ಲಿಗೆ ಹೋದರು. ಅಲ್ಲಿಂದ ಲಂಡನ್, ಕೆಲವು ವರ್ಷ ಅಲ್ಲೇ ಕೆಲಸ, ಟಿ.ವಿ.ಗೆ ಅನಿಮೇಶನ್ ಸಹಿತ. ಮತ್ತೆ ಮುಂಬಯಿ. 1974ರಲ್ಲಿ ಅಮೆರಿಕದ ಆಹ್ವಾನದ ಮೇಲೆ ಅಲ್ಲಿ ತಿರುಗಾಡಿದರು. 'ಪೀನಟ್ಸ್'ನ ಚಾರ್ಲ್ಸ್ ಶುಲ್ಜ್, 'ವಾಷಿಂಗ್ಟನ್ ಪೋಸ್ಟ್'ನ ಹರ್ಬ್ಲಾಕ್ ಅವರ ಭೇಟಿ ಆಗಲೇ ಆಗಿದ್ದು. ಮುಂದೆ ಜರ್ಮನಿ, ಪ್ಯಾರಿಸ್, ಜಪಾನ್, ಬ್ರೆಜಿಲ್. ಪ್ರದರ್ಶನ ನಡೆದ ದೇಶಗಳೇ ಇಪ್ಪತ್ತು ದಾಟುತ್ತವೆ. ಜರ್ಮನಿ ಪ್ರವಾಸ 'ಜರ್ಮನಿ ಇನ್ ವಿಂಟರ್‌ಟೈಮ್' ಅನ್ನೋ ಪುಸ್ತಕ ಆಯಿತು.

ಪಟ್ಟಿ ಇಷ್ಟು ಸಾಕು. ಹೋದ ಊರಲ್ಲಿ ಅವರು ಏನನ್ನು ಹುಡುಕಿದರು ಅನ್ನೋದು ಮುಖ್ಯ. ಪೋಸ್ಟ್‌ಕಾರ್ಡಿನಲ್ಲಿ ಬರೋ ಸ್ಮಾರಕವನ್ನು ಅವರು ಬಿಟ್ಟುಬಿಡಲ್ಲ, ಆದರೆ ಅದರ ಮುಂದೆ ಓಡಾಡೋರನ್ನೂ ಬಿಡಲ್ಲ. ಯಾರು ನಾಯಿ ಹಿಡಿದುಕೊಂಡು ಹೊರಟಿದ್ದಾರೆ, ಕೆಫೆಯಲ್ಲಿ ಯಾರು ಯಾರ ಕಡೆ ನೋಡ್ತಿದ್ದಾರೆ, ಯಾವ ಮುದುಕ ಒಬ್ಬನೇ ಕೂತಿದ್ದಾನೆ. ಲೊಟೊಲಿಂನ ಜಗಲಿಯಲ್ಲಿ ಕಲಿತ ಕಣ್ಣು ಪ್ಯಾರಿಸ್ಸಿನ ಬೀದಿಯಲ್ಲೂ ಜಗಲಿಯನ್ನೇ ಹುಡುಕ್ತು ಅನ್ಸುತ್ತೆ. ಗೆರೆ ಮಾತ್ರ ಊರಿಂದ ಊರಿಗೆ ಬದಲಾಯಿತು. ಗೋವಾದ ಪುಟದಲ್ಲಿ ಬಿಳಿ ಜಾಸ್ತಿ, ಬಿಸಿಲು ಜಾಸ್ತಿ. ಯುರೋಪಿನ ಚಳಿಯ ಪುಟಗಳಲ್ಲಿ ಹ್ಯಾಚಿಂಗ್ ದಟ್ಟವಾಗುತ್ತೆ, ಕಟ್ಟಡ ದೊಡ್ಡದಾಗಿ ಮನುಷ್ಯ ಚಿಕ್ಕವನಾಗ್ತಾನೆ.

ನಮ್ಮ ರಾಜ್ಯದಲ್ಲೂ ಅವರ ಪೆನ್ನು ಓಡಾಡಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಕವಿ ಡಾಮ್ ಮೊರೇಸ್ ಕರ್ನಾಟಕ ಸುತ್ತಿ ಇಂಗ್ಲಿಷಿನಲ್ಲಿ ಬರೆದ 'ದಿ ಓಪನ್ ಐಸ್' ಎಂಬ ಪ್ರವಾಸ ಕಥನ 1976ರಲ್ಲಿ ಬಂತು, ಪ್ರಕಟಿಸಿದ್ದು ನಮ್ಮ ರಾಜ್ಯ ಸರ್ಕಾರವೇ. ಅದಕ್ಕೆ ಚಿತ್ರ ಮಾರಿಯೋ ಅವರದು. ಸರ್ಕಾರಿ ಪ್ರಕಟಣೆ ಅಂದ ಕೂಡಲೇ ಮೂಗು ಮುರಿಯಬೇಡಿ, ಹಳೇ ಲೈಬ್ರರಿಗಳಲ್ಲಿ ಕಣ್ಣಿಗೆ ಬಿದ್ದರೆ ಕೈಗೆತ್ತಿಕೊಳ್ಳಿ. ಇನ್ನೊಂದು ನಂಟು ಮನೋಹರ ಮಳಗಾಂವಕರ್ ಅವರದು. ಗೋವಾ ಸರ್ಕಾರಕ್ಕಾಗಿ ಇಬ್ಬರೂ ಸೇರಿ ಮಾಡಿದ 'ಇನ್‌ಸೈಡ್ ಗೋವಾ' 1982ರದು. ಮಳಗಾಂವಕರ್ ಇದ್ದದ್ದು ನಮ್ಮ ಉತ್ತರ ಕನ್ನಡದ ಜಗಲಬೇಟದ ಕಾಡಿನ ಬಂಗಲೆಯಲ್ಲಿ, ತೀರಿಕೊಂಡದ್ದೂ ಅಲ್ಲೇ, 2010ರಲ್ಲಿ.

ಪುಸ್ತಕದಿಂದ ಗೋಡೆಗೆ

ಗೋಡೆ ಮೇಲೆ ಗೀಚಬೇಡ ಅಂತ ಪುಸ್ತಕ ಕೊಡಿಸಿದ ತಾಯಿಗೆ ಮುಂದೆ ಆದದ್ದನ್ನು ಕಂಡು ನಗು ಬರ್ತಿತ್ತೇನೋ. ಮುಂಬಯಿಯ ಕೊಲಾಬಾದಲ್ಲಿ ಕೆಫೆ ಮೊಂಡೆಗಾರ್ ಅಂತಿದೆ. ಅದರ ಗೋಡೆಗಳ ತುಂಬಾ ಮಾರಿಯೋ ಚಿತ್ರಗಳು, ಒಳಗೆ ಕೂತು ಕುಡಿಯೋರನ್ನು ನೋಡಿ ನಗೋ ಹಾಗೆ. ಪಣಜಿಯ ಮಾರ್ಕೆಟ್ಟಿನ ಗೋಡೆಯಲ್ಲೂ ಅವರ ಜನ ಇದ್ದಾರೆ. ಪೋರ್ಚುಗೀಸರಿಂದ ಬಂದ ಅಝುಲೆಜೊ ಅನ್ನೋ ಮೆರುಗು ಹೆಂಚಿನ ಕಲೆ ಗೋವಾದಲ್ಲಿ ಮತ್ತೆ ಚಿಗುರಿದಾಗ ಆ ಹೆಂಚುಗಳ ಮೇಲೂ ಅವರ ಗೆರೆ ಇಳಿಯಿತು. ಶ್ಯಾಮ್ ಬೆನೆಗಲ್ ಅವರ 'ತ್ರಿಕಾಲ್' (1985) ಚಿತ್ರೀಕರಣ ನಡೆದದ್ದು ಲೊಟೊಲಿಂನ ಅವರ ಮನೆಯಲ್ಲೇ.

ಇಷ್ಟೆಲ್ಲ ಚಿತ್ರಗಳು ಚೆಲ್ಲಾಪಿಲ್ಲಿಯಾಗಿ ಕಳೆದುಹೋಗದೆ ಉಳಿದದ್ದಕ್ಕೆ ಒಬ್ಬ ಆರ್ಕಿಟೆಕ್ಟ್ ಕಾರಣ, ಜೆರಾರ್ಡ್ ಡಾ ಕುನ್ಹಾ. ಹೆಸರಘಟ್ಟದ ಹತ್ತಿರದ ನೃತ್ಯಗ್ರಾಮವನ್ನು ಕಟ್ಟಿದವರು ಇವರೇ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕು ಕಾರ್ಖಾನೆಯ ವಿದ್ಯಾನಗರ ಟೌನ್‌ಶಿಪ್ಪೂ ಇವರದೇ ವಿನ್ಯಾಸ. ಪತ್ರಿಕೆ, ಮನೆ, ಗೆಳೆಯರ ಸಂಗ್ರಹ ಹೀಗೆ ಸಿಕ್ಕ ಸಿಕ್ಕಲ್ಲಿಂದ ಸಾವಿರಾರು ಚಿತ್ರ ಒಟ್ಟುಮಾಡಿ ಒಂದು ಭಾರೀ ಪುಸ್ತಕ ತಂದರು, ಡೈರಿಗಳನ್ನೂ ಅಚ್ಚು ಹಾಕಿಸಿದರು. ದಿನಪತ್ರಿಕೆಗೆ ಬರೆದ ಚಿತ್ರ ಮರುದಿನ ಬಜ್ಜಿ ಕಟ್ಟೋಕೆ ಹೋಗುತ್ತೆ. ಅದನ್ನು ಹುಡುಕಿ, ಸ್ಕ್ಯಾನ್ ಮಾಡಿ, ವರ್ಷ ಹಚ್ಚಿ, ವಿಂಗಡಿಸೋದು ಚಿತ್ರ ಬರೆಯೋದಕ್ಕಿಂತ ಸಣ್ಣ ಕೆಲಸ ಅಲ್ಲ. ಡೇಟಾಬೇಸ್ ಪ್ರಾಜೆಕ್ಟಿಗೆ ವಿಷಯ ಇಲ್ಲ ಅಂತ ಅಳೋ ಗೆಳೆಯರೇ, ನಿಮ್ಮ ಊರಿನ ಸೈನ್‌ಬೋರ್ಡ್ ಬರೆಯೋರು, ಯಕ್ಷಗಾನದ ಮುಖವರ್ಣಿಕೆ ಮಾಡೋರು, ರಥದ ಬಣ್ಣದವರು ಯಾರ ಕೆಲಸವೂ ಹೀಗೆ ಒಟ್ಟುಗೂಡಿಲ್ಲ.

ಪ್ರಶಸ್ತಿಗಳೂ ಬಂದವು. ಪದ್ಮಶ್ರೀ 1988ರಲ್ಲಿ, ಪದ್ಮಭೂಷಣ 2002ರಲ್ಲಿ. 2011ರ ಡಿಸೆಂಬರ್ 11ರಂದು ಲೊಟೊಲಿಂನಲ್ಲೇ ಕಣ್ಣು ಮುಚ್ಚಿದರು. ಮುಂದಿನ ವರ್ಷ ಪದ್ಮವಿಭೂಷಣ.

ಒಪ್ಪದ ಮಾತೂ ಒಂದಿದೆ

ಮೆಚ್ಚಿದವರ ಕೆಲಸದಲ್ಲೂ ಕಲ್ಲು ಸಿಗುತ್ತೆ. ಮಾರಿಯೋ ಬರೆದ ಹೆಣ್ಣುಮಕ್ಕಳನ್ನು ನೋಡಿ: ಸಿನಿಮಾ ನಟಿ ರಜನಿ ನಿಂಬುಪಾನಿ, ಆಫೀಸಿನ ಮಿಸ್ ಫೋನ್ಸೆಕಾ. ಗಂಡಸರಲ್ಲಿ ಎಷ್ಟು ತರದ ಮೂಗು, ಹೊಟ್ಟೆ, ಮೀಸೆ! ತರುಣಿಯರು ಮಾತ್ರ ಹೆಚ್ಚುಕಡಿಮೆ ಒಂದೇ ಅಚ್ಚು, ಒಂದೇ ಮೈಕಟ್ಟು, ಸುತ್ತ ಬಾಯಿ ಬಿಟ್ಟು ನೋಡೋ ಗಂಡಸರು. ಆ ನೋಡೋ ಗಂಡಸರೇ ಜೋಕು ಅಂತ ವಾದಿಸಬಹುದು, ನನ್ನ ಜೊತೆ ವಾದಿಸಿದೋರೂ ಇದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಆಗಿಲ್ಲ. ಹಾಗೇ ಮಂತ್ರಿ ಬಂಡಲ್‌ದಾಸನ ಬಾಲಂಗೋಚಿಗೆ ಇಟ್ಟ 'ಮೂನ್‌ಸ್ವಾಮಿ' ಅನ್ನೋ ಹೆಸರು. ನಮ್ಮ ಕಡೆಯ ಮುನಿಸ್ವಾಮಿಗಳ ಕಿವಿಗೆ ಅದು ಅಷ್ಟೇನೂ ಹಿತವಾಗಿ ಕೇಳಲ್ಲ. ಮುದುಕಿಯರನ್ನು ಬರೆದಾಗ ಇದೇ ಪೆನ್ನು ಎಷ್ಟು ಉದಾರ, ಒಬ್ಬಳಂತೆ ಇನ್ನೊಬ್ಬಳಿಲ್ಲ. ಹತ್ತಿರದಿಂದ ನೋಡಿದವರನ್ನು ಬರೆದಾಗ ವ್ಯಕ್ತಿ ಸಿಗುತ್ತೆ, ದೂರದಿಂದ ನೋಡಿದವರನ್ನು ಬರೆದಾಗ ನಮೂನೆ ಸಿಗುತ್ತೆ. ಹಾಸ್ಟೆಲಿನ ವಾಚ್‌ಮ್ಯಾನ್ ಅಣ್ಣನನ್ನೋ ಉತ್ತರದ ಕಡೆಯ ಜ್ಯೂನಿಯರನ್ನೋ ಬರೆಯೋವಾಗ ನಾವೂ ಇದೇ ಗುಂಡಿಗೆ ಬೀಳ್ತೀವಿ. ಮುಖ ನೋಡೋ ಮೊದಲೇ ಕೈಗೆ 'ಅಂಥವರು ಹೀಗಿರ್ತಾರೆ' ಅನ್ನೋದು ಗೊತ್ತಿರುತ್ತೆ.

ನಿಮ್ಮ ಪುಸ್ತಕ

ಈಗ ಕೆಲಸದ ಮಾತು. ಸ್ಥಳದಲ್ಲೇ ಕೂತು, ಕಂಡದ್ದನ್ನು ಬರೆಯೋರ ದೊಡ್ಡ ಬಳಗ ಜಗತ್ತಿನ ತುಂಬಾ ಇದೆ. ಸಿಯಾಟಲ್‌ನ ಪತ್ರಕರ್ತ ಗ್ಯಾಬ್ರಿಯಲ್ ಕಂಪನಾರಿಯೊ 2007ರಲ್ಲಿ ಶುರು ಮಾಡಿದ 'ಅರ್ಬನ್ ಸ್ಕೆಚರ್ಸ್' ಅಂತ. ಅವರ ನಿಯಮ ಸಣ್ಣದು: ಎದುರಿಗೆ ನೋಡಿ ಬರೆಯಿರಿ, ಫೋಟೋ ನೋಡಿ ಅಲ್ಲ, ಕಂಡದ್ದಕ್ಕೆ ನಿಯತ್ತಾಗಿರಿ. ಬೆಂಗಳೂರಿನಲ್ಲೂ ಭಾನುವಾರ ಕಬ್ಬನ್ ಪಾರ್ಕು, ಮಲ್ಲೇಶ್ವರದ ಕಡೆ ಹೋದರೆ ಸ್ಕೆಚ್ ಪುಸ್ತಕ ಹಿಡಿದವರು ಕಾಣ್ತಾರೆ.

ಫೋಟೋ ಬೇಡ ಅನ್ನೋಕೆ ಕಾರಣ ಭಕ್ತಿ ಅಲ್ಲ. ನಿಮ್ಮ ಡಿಪಾರ್ಟ್‌ಮೆಂಟ್ ಕಟ್ಟಡದ ಮುಂಭಾಗದಲ್ಲಿ ಎಷ್ಟು ಕಿಟಕಿ ಇದೆ, ಫೋನ್ ತೆಗೆಯದೆ ಹೇಳಿ ನೋಡೋಣ. ಮೂರು ವರ್ಷದಿಂದ ದಿನಾ ನೋಡ್ತಿದ್ದೀರಿ, ನೂರು ಫೋಟೋದಲ್ಲಿ ಅದು ಹಿಂದೆ ನಿಂತಿದೆ. ಒಮ್ಮೆ ಬರೆದರೆ ಎಣಿಸಲೇಬೇಕಾಗುತ್ತೆ. ಸನ್‌ಶೇಡಿನ ಕೆಳಗಿನ ನೀರಿನ ಕಲೆ ಯಾಕೆ ಬಲಕ್ಕೇ ಇದೆ, ಅಲ್ಲಿಯ ಸ್ಪೌಟು ಮುರಿದಿದೆಯಾ ಅಂತ ಪ್ರಶ್ನೆ ಹುಟ್ಟುತ್ತೆ. ಸಿವಿಲ್‌ನವರಿಗೆ ಇದು ನೇರ ಪಾಠ, ಉಳಿದವರಿಗೂ ನಷ್ಟವಿಲ್ಲ. ನಾಲ್ಕು ವರ್ಷ ಆದ ಮೇಲೆ ನಾವು ಈ ಜಾಗ ಬಿಡ್ತೀವಿ, ಜಾಗವೂ ಹೀಗೇ ಇರಲ್ಲ. ಕ್ಯಾಂಟೀನಿನ ಹಳೇ ಕಲ್ಲುಬೆಂಚು ಕಿತ್ತು ಸ್ಟೀಲ್ ಹಾಕ್ತಾರೆ, ಝೆರಾಕ್ಸ್ ಅಂಗಡಿಯವರು ಮುಚ್ಚಿಕೊಂಡು ಹೋಗ್ತಾರೆ. ಅವರನ್ನು ಯಾರು ಬರೆದಿಟ್ಟಿದ್ದಾರೆ?

ಒಂದು ಸೆಮಿಸ್ಟರಿಗೆ ಒಂದು ಪುಸ್ತಕ ಇಟ್ಟುಕೊಳ್ಳಿ. ಎ5 ಸಾಕು, ಬ್ಯಾಗಿನಲ್ಲಿ ಕೂರುತ್ತೆ. ದಿನಕ್ಕೆ ಒಂದು ಪುಟ, ಹದಿನೈದು ನಿಮಿಷ. ಚೆನ್ನಾಗಿಲ್ಲದ ಪುಟ ಹರಿಯೋ ಹಾಗಿಲ್ಲ, ಅದಕ್ಕೇ ಸ್ಪೈರಲ್‌ಗಿಂತ ಹೊಲಿದ ಪುಸ್ತಕ ವಾಸಿ. ಕೆಳಗೆ ತಾರೀಕು, ಜಾಗ, ಕೇಳಿಸಿದ ಒಂದು ಮಾತು, ಕೇಳಿಸಿದ ಹಾಗೇ ಬರೆಯಿರಿ, ಅವರವರ ಊರಿನ ಕನ್ನಡದಲ್ಲಿ. ಮಾರಿಯೋ ಡೈರಿಗಳ ಅರ್ಧ ರುಚಿ ಆ ಅಡಿಬರಹಗಳಲ್ಲಿದೆ. ಗುರುತಿನವರನ್ನು ಬರೆದರೆ ಪುಟ ತೋರಿಸಿ. ಗುರುತಿಲ್ಲದವರು ಬೇಡ ಅಂದರೆ ಅಲ್ಲಿಗೆ ಬಿಡಿ. ಹೆಂಗಸರ ಗುಂಪಿನ ಎದುರು ಹುಡುಗನೊಬ್ಬ ಪುಸ್ತಕ ಹಿಡಿದು ದಿಟ್ಟಿಸಿಕೊಂಡು ಕೂತರೆ ಅವರಿಗೆ ಏನನ್ಸುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕೈ ಸ್ವಲ್ಪ ಕುದುರಿದ ಮೇಲೆ ಒಂದು ಪ್ರವಾಸ ಮಾಡಿ. ಹುಬ್ಬಳ್ಳಿ ಕಡೆಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮಡಗಾಂವಿಗೆ ರೈಲಿದೆ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಬ್ರಗಾಂಝಾ ಘಟ್ಟದಲ್ಲಿ ಇಳಿಜಾರು 37ಕ್ಕೆ 1, ರೈಲಿನ ಲೆಕ್ಕಕ್ಕೆ ಭಯಂಕರ ಕಡಿದು. ಮೇಲೇರೋ ಗಾಡಿಗೆ ಹೆಚ್ಚಿನ ಎಂಜಿನ್ ಹಚ್ಚುತ್ತಾರೆ, ಇಳಿಯೋವಾಗಲೂ ನಿಧಾನವೇ. ಆ ನಿಧಾನ ಸ್ಕೆಚ್ ಮಾಡೋರಿಗೆ ಹೇಳಿ ಮಾಡಿಸಿದ್ದು. ದೂಧಸಾಗರ ಬಂದಾಗ ಎಲ್ಲರೂ ಫೋನ್ ಹಿಡಿದು ಬಾಗಿಲಿಗೆ ಓಡ್ತಾರೆ, ನೀವು ಸೀಟಿನಲ್ಲೇ ಕೂತು ಆ ಬೆನ್ನುಗಳನ್ನು ಬರೆಯಿರಿ, ಒಳ್ಳೇ ಪುಟ ಆಗುತ್ತೆ. ಮಡಗಾಂವಿನಿಂದ ಲೊಟೊಲಿಂ ಸುಮಾರು 10 ಕಿ.ಮೀ. ಮಿರಾಂಡ ಮನೆ ಖಾಸಗಿಯದು, ಗೇಟು ತಳ್ಳಿಕೊಂಡು ಹೋಗಬೇಡಿ, ರಸ್ತೆಯಿಂದ ಊರು ನೋಡಿದರೆ ಸಾಕು. ಮೂಲ ಚಿತ್ರ ನೋಡೋ ಆಸೆ ಇದ್ದರೆ ಪಣಜಿ ದಾಟಿ ಪರ್ವರಿ ಕಡೆಯ ತೊರ್ಡಾದಲ್ಲಿ ಡಾ ಕುನ್ಹಾ ಅವರ ಹಡಗಿನಾಕಾರದ 'ಹೌಸಸ್ ಆಫ್ ಗೋವಾ' ಮ್ಯೂಸಿಯಂ ಇದೆ, ಮಾರಿಯೋ ಗ್ಯಾಲರಿಯೂ ಅಲ್ಲೇ.

ಮಳೆಗಾಲದಲ್ಲಿ ಹೊರಟರೆ ಸಾಮಾನ್ಯ ಜೆಲ್ ಪೆನ್ನು ಬಿಟ್ಟು ವಾಟರ್‌ಪ್ರೂಫ್ ಶಾಯಿಯದು ಒಯ್ಯಿರಿ. ಕಿಟಕಿಯಿಂದ ಒಂದು ಎರಚಲು ಬಂದರೆ ಅರ್ಧ ಗಂಟೆಯ ಹ್ಯಾಚಿಂಗ್ ನೀಲಿ ಕೆರೆ ಆಗಿಬಿಡುತ್ತೆ. ಜೊತೆಗೆ ಒಂದು ಪ್ಲಾಸ್ಟಿಕ್ ಕವರ್, ಹಾಳೆ ಹಾರದ ಹಾಗೆ ಎರಡು ಬೈಂಡರ್ ಕ್ಲಿಪ್ಪು.